ದೇವರ ಸೇವಕ ಫಾದರ್ ಪೆದ್ರೊ ಅರುಪೆ: ವಿಧೇಯತೆಯ ಕಠಿಣ ಹಾದಿ



ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಧರ್ಮಪ್ರಾಂತ್ಯದ ಯಾಜಕರೂ, ಧಾರ್ಮಿಕ ಸಭೆಗಳ ಯಾಜಕರೂ, ಧರ್ಮಭಗಿನಿಯರೂ ಜೊತೆಜೊತೆಯಾಗಿ ದುಡಿಯುತ್ತಾರೆ. ಒಂದೇ ಆವರಣದಲ್ಲಿ ಚರ್ಚು, ಕಾನ್ವೆಂಟು, ಶಾಲೆ ಇರುವುದು ನಮಗೆ ಹೊಸತಲ್ಲ. ಹೀಗಿರುವಾಗ ಯಾರು ಯಾರ ಮಾತು ಕೇಳಬೇಕು, ಸಭೆಯ ನಿಯಮ ದೊಡ್ಡದೋ ಧರ್ಮಾಧ್ಯಕ್ಷರ ನಿರ್ಧಾರ ದೊಡ್ಡದೋ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಇದೇ ಪ್ರಶ್ನೆ ರೋಮಿನಲ್ಲಿ ಪೋಪ್ ಜಗದ್ಗುರುಗಳಿಗೂ ಯೇಸುಸಭೆಗೂ ನಡುವೆ ಎದ್ದಾಗ ಒಬ್ಬ ಯಾಜಕರು ಅದನ್ನು ಹೇಗೆ ಎದುರಿಸಿದರು ಎಂಬುದನ್ನು ನಾವು ಇಲ್ಲಿ ನೆನೆಯೋಣ. ಅವರೇ ಯೇಸುಸಭೆಯ 28ನೆಯ ಸುಪೀರಿಯರ್ ಜನರಲ್ ಫಾದರ್ ಪೆದ್ರೊ ಅರುಪೆ.

ವೈದ್ಯನಾಗಬೇಕಿದ್ದ ಯುವಕ

ಅರುಪೆಯವರು 1907ರ ನವೆಂಬರ್ 14ರಂದು ಸ್ಪೇನಿನ ಬಾಸ್ಕ್ ಪ್ರದೇಶದ ಬಿಲ್ಬಾವೊ ನಗರದಲ್ಲಿ ಜನಿಸಿದರು. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನಾಸಿಯವರೂ ಇದೇ ಬಾಸ್ಕ್ ನಾಡಿನವರು. ಅರುಪೆಯವರು ಮ್ಯಾಡ್ರಿಡ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಜಾಣ ವಿದ್ಯಾರ್ಥಿ. ತಂದೆಯ ಮರಣದ ನಂತರ ಲೂರ್ದು ಪುಣ್ಯಕ್ಷೇತ್ರಕ್ಕೆ ಹೋದಾಗ ಅಲ್ಲಿ ಕಂಡ ಗುಣವಾಗುವಿಕೆಗಳು ಅವರ ಮನಸ್ಸನ್ನು ಕಲಕಿದವು. ಓದನ್ನು ಅರ್ಧಕ್ಕೇ ಬಿಟ್ಟು 1927ರ ಜನವರಿಯಲ್ಲಿ ಅವರು ಯೇಸುಸಭೆಯನ್ನು ಸೇರಿದರು.

1932ರಲ್ಲಿ ಸ್ಪೇನಿನ ಸರಕಾರ ಯೇಸುಸಭೆಯನ್ನು ದೇಶದಿಂದ ಹೊರಗಟ್ಟಿತು. ಅರುಪೆಯವರು ಪರದೇಶಗಳಲ್ಲಿ ಓದು ಮುಂದುವರಿಸಿ 1936ರಲ್ಲಿ ಯಾಜಕ ದೀಕ್ಷೆ ಪಡೆದರು. ಬಹುಕಾಲದಿಂದ ಬಯಸಿದ್ದ ಜಪಾನ್ ಮಿಶನ್ನಿಗೆ 1938ರಲ್ಲಿ ಕಾಲಿಟ್ಟರು. ಜಪಾನ್ ಯುದ್ಧಕ್ಕೆ ಇಳಿದಾಗ, 1941ರ ಡಿಸೆಂಬರಿನಲ್ಲಿ, ಬೇಹುಗಾರನೆಂಬ ಶಂಕೆಯಿಂದ ಅವರನ್ನು ಬಂಧಿಸಲಾಯಿತು. 33 ದಿನಗಳ ಸೆರೆವಾಸದಲ್ಲಿ ಬಲಿಪೂಜೆ ಅರ್ಪಿಸಲೂ ಅವಕಾಶವಿರಲಿಲ್ಲ.

ಬಿಡುಗಡೆಯ ನಂತರ ಅವರು ಹಿರೋಶಿಮಾದ ಅಂಚಿನಲ್ಲಿದ್ದ ನಾಗತ್ಸುಕದಲ್ಲಿ ನವದೀಕ್ಷಿತರ ಗುರುಗಳಾದರು. 1945ರ ಆಗಸ್ಟ್ 6ರ ಬೆಳಿಗ್ಗೆ ನಗರದ ಮೇಲೆ ಅಣುಬಾಂಬು ಬಿತ್ತು. ಅರುಪೆಯವರು ನವದೀಕ್ಷಿತರ ಮನೆಯನ್ನೇ ಆಸ್ಪತ್ರೆಯನ್ನಾಗಿ ಮಾಡಿದರು. ಔಷಧವೆಂದು ಕೈಯಲ್ಲಿದ್ದದ್ದು ಸ್ವಲ್ಪ ಬೋರಿಕ್ ಆಸಿಡ್. ಅದರಲ್ಲಿಯೇ ಸುಮಾರು 150 ಮಂದಿ ಗಾಯಾಳುಗಳನ್ನು ಆರೈಕೆ ಮಾಡಿದರು. ಬಿಟ್ಟುಬಂದ ವೈದ್ಯಕೀಯ ಅಂದು ಕೆಲಸಕ್ಕೆ ಬಂದಿತು.

ರೋಮಿನ ಜವಾಬ್ದಾರಿ

1965ರ ಮೇ 22ರಂದು ಅರುಪೆಯವರು ಸುಪೀರಿಯರ್ ಜನರಲ್ ಆಗಿ ಆಯ್ಕೆಯಾದರು. ಆಗ ಯೇಸುಸಭೆಯಲ್ಲಿ ಸುಮಾರು 36,000 ಸದಸ್ಯರಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ ಮುಗಿಯುವ ಹಂತದಲ್ಲಿತ್ತು. ಪ್ರತಿಯೊಂದು ಧಾರ್ಮಿಕ ಸಭೆಯೂ ತನ್ನ ಸ್ಥಾಪಕರ ಮೂಲ ಪ್ರೇರಣೆಗೆ ಮರಳಿ ಕಾಲಕ್ಕೆ ತಕ್ಕಂತೆ ನವೀಕರಣಗೊಳ್ಳಬೇಕೆಂದು ಮಹಾಸಭೆ ಬಯಸಿತ್ತು.

1967ರಿಂದ ಅವರು ಪುರುಷ ಧಾರ್ಮಿಕ ಸಭೆಗಳ ಸುಪೀರಿಯರ್ ಜನರಲ್‌ಗಳ ಒಕ್ಕೂಟದ ಅಧ್ಯಕ್ಷರೂ ಆಗಿ ಐದು ಬಾರಿ ಆಯ್ಕೆಯಾದರು. ಹೀಗೆ ವ್ಯಾಟಿಕನ್ ಕಚೇರಿಗಳಿಗೂ ಧಾರ್ಮಿಕ ಸಭೆಗಳಿಗೂ ನಡುವಣ ಸಂಪರ್ಕದ ಹೊಣೆ ಅವರ ಹೆಗಲಿಗೆ ಬಂತು. ಈ ಅವಧಿಯಲ್ಲೇ, 1978ರಲ್ಲಿ, ಧರ್ಮಾಧ್ಯಕ್ಷರು ಮತ್ತು ಧಾರ್ಮಿಕರ ಪರಸ್ಪರ ಸಂಬಂಧದ ಬಗ್ಗೆ ರೋಮಿನಿಂದ ಮಾರ್ಗಸೂಚಿ ಹೊರಬಂತು. ಪ್ರತಿ ಸಭೆಗೂ ತನ್ನದೇ ವರದಾನವಿದೆ, ಅದನ್ನು ಧರ್ಮಾಧ್ಯಕ್ಷರು ಕಾಪಾಡಬೇಕು. ಧರ್ಮಪ್ರಾಂತ್ಯದ ಸೇವೆಯಲ್ಲಿ ಧಾರ್ಮಿಕರು ಧರ್ಮಾಧ್ಯಕ್ಷರೊಂದಿಗೆ ಕೂಡಿ ನಡೆಯಬೇಕು ಎಂಬುದು ಅದರ ತಿರುಳು.

ಭಿನ್ನಾಭಿಪ್ರಾಯದ ದಿನಗಳು

ಯೇಸುಸಭೆಯ ಕೆಲವು ಸದಸ್ಯರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವ್ರತವನ್ನೂ ಸ್ವೀಕರಿಸುತ್ತಾರೆ. ಪ್ರೇಷಿತ ಕಾರ್ಯಕ್ಕಾಗಿ ಪೋಪ್ ಜಗದ್ಗುರುಗಳು ಕಳುಹಿಸಿದಲ್ಲಿಗೆ ಹೋಗುವ ವ್ರತವದು. 1974ರ ಡಿಸೆಂಬರಿನಲ್ಲಿ ಆರಂಭವಾದ ಸಭೆಯ 32ನೆಯ ಮಹಾ ಅಧಿವೇಶನದಲ್ಲಿ, ಈ ವ್ರತವನ್ನು ಎಲ್ಲ ಸದಸ್ಯರಿಗೂ ತೆರೆಯಬೇಕೆಂಬ ಅಭಿಪ್ರಾಯ ಬಲವಾಯಿತು. ಪೋಪ್ ಆರನೇ ಪೌಲರಿಗೆ ಈ ಬದಲಾವಣೆ ಒಪ್ಪಿಗೆಯಿರಲಿಲ್ಲ. ಸಭೆಯ ಮೂಲ ಸ್ವರೂಪವೇ ಬದಲಾದೀತು ಎಂಬ ಕಾಳಜಿ ಅವರದು. ಅವರು ಅರುಪೆಯವರನ್ನು ಕರೆಸಿ ತಮ್ಮ ನಿಲುವನ್ನು ಸ್ಪಷ್ಟಪಡಿಸಿದರು. ಅಧಿವೇಶನ ಅದಕ್ಕೆ ತಲೆಬಾಗಿತು. ತನ್ನ ನಿರ್ಣಯಗಳನ್ನು ಪ್ರಕಟಿಸುವ ಮೊದಲು ಪೋಪರ ಪರಿಶೀಲನೆಗೆ ಒಪ್ಪಿಸಿತು.

ಅದೇ ಅಧಿವೇಶನ ವಿಶ್ವಾಸದ ಸೇವೆಯೂ ನ್ಯಾಯದ ಸ್ಥಾಪನೆಯೂ ಬೇರ್ಪಡಿಸಲಾಗದವು ಎಂದು ನಿರ್ಣಯಿಸಿತು. ಬಡವರ ಪರ ನಿಂತ ಹಲವರು ಇದಕ್ಕಾಗಿ ಪ್ರಾಣವನ್ನೇ ತೆತ್ತರು. 1977ರಲ್ಲಿ ಎಲ್ ಸಾಲ್ವದೋರಿನಲ್ಲಿ ಕೊಲೆಯಾದ ಫಾದರ್ ರುತಿಲಿಯೊ ಗ್ರಾಂದೆ ಅವರಲ್ಲೊಬ್ಬರು. ಇನ್ನೊಂದೆಡೆ, ಕೆಲವು ಯೇಸುಸಭೆಯವರು ರಾಜಕೀಯದತ್ತ ವಾಲುತ್ತಿದ್ದಾರೆ, ಬೋಧನೆಯಲ್ಲಿ ಶಿಸ್ತು ಸಡಿಲವಾಗಿದೆ ಎಂಬ ದೂರುಗಳು ರೋಮಿಗೆ ತಲುಪುತ್ತಿದ್ದವು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಈ ಆತಂಕವನ್ನು ಸಭೆಯ ನಾಯಕರ ಮುಂದೆ ನೇರವಾಗಿ ಇಟ್ಟರು. ಅರುಪೆಯವರು ಅದನ್ನು ಮುಚ್ಚಿಡಲಿಲ್ಲ. ತಿದ್ದಿಕೊಳ್ಳಬೇಕಾದುದನ್ನು ತಿದ್ದಿಕೊಳ್ಳುವಂತೆ ಸಭೆಯವರಿಗೆ ತಿಳಿಸಿದರು. 1980ರಲ್ಲಿ ಅವರು ರಾಜೀನಾಮೆಗೆ ಸಿದ್ಧರಾದಾಗ ಪೋಪರು ಸದ್ಯಕ್ಕೆ ಬೇಡವೆಂದರು. ಅರುಪೆಯವರು ಹುದ್ದೆಯಲ್ಲೇ ಮುಂದುವರಿದರು. ಅದೇ ವರ್ಷದ ನವೆಂಬರಿನಲ್ಲಿ, ವಿಯೆಟ್ನಾಮಿನಿಂದ ದೋಣಿಗಳಲ್ಲಿ ಓಡಿಬಂದವರ ಪಾಡನ್ನು ಕಂಡು ಮರುಗಿದ್ದ ಅವರು ಜೆಸುಯಿಟ್ ನಿರಾಶ್ರಿತರ ಸೇವಾಸಂಸ್ಥೆಯನ್ನು ಸ್ಥಾಪಿಸಿದರು.

1981ರ ಪರೀಕ್ಷೆ

1981ರ ಆಗಸ್ಟ್ 7ರಂದು ಏಷ್ಯಾ ಪ್ರವಾಸದಿಂದ ರೋಮಿಗೆ ಮರಳಿದಾಗ ಅರುಪೆಯವರಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಸ್ವಾಧೀನ ತಪ್ಪಿತು, ಮಾತು ತೊದಲಿತು. ಅವರು ಅಮೆರಿಕದ ಫಾದರ್ ವಿನ್ಸೆಂಟ್ ಓಕೀಫ್ ಅವರನ್ನು ಸಭೆಯ ನಿಯಮದಂತೆ ವಿಕಾರ್ ಜನರಲ್ ಆಗಿ ನೇಮಿಸಿದರು. ಆದರೆ ಅಕ್ಟೋಬರ್ ಆರಂಭದಲ್ಲಿ ಕಾರ್ಡಿನಲ್ ಕಸರೋಲಿಯವರು ಪೋಪರ ಪತ್ರವನ್ನು ಹಿಡಿದು ಅವರ ರೋಗಶಯ್ಯೆಯ ಬಳಿ ಬಂದರು. ಹೊಸ ಸುಪೀರಿಯರ್ ಜನರಲ್ ಆಯ್ಕೆಗೆ ಸದ್ಯಕ್ಕೆ ತಡೆ. ಅಲ್ಲಿಯವರೆಗೆ 79 ವರ್ಷದ ಫಾದರ್ ಪಾವೊಲೊ ದೆಜ್ಜಾ ಪೋಪರ ಸ್ವಂತ ಪ್ರತಿನಿಧಿಯಾಗಿ ಸಭೆಯನ್ನು ನಡೆಸುವರು, ಫಾದರ್ ಜುಸೆಪ್ಪೆ ಪಿತ್ತಾವು ಅವರಿಗೆ ನೆರವಾಗುವರು ಎಂದು ಅದರಲ್ಲಿತ್ತು.

ಇದು ಸಭೆಯ ಸಾಮಾನ್ಯ ನಿಯಮವನ್ನೇ ಬದಿಗಿಟ್ಟ ಕ್ರಮ. ಲೋಕದಾದ್ಯಂತ ಯೇಸುಸಭೆಯ ಅನೇಕರಿಗೆ ನೋವಾಯಿತು. ಕೆಲವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಸಭೆ ಒಡೆದೀತು, ದೊಡ್ಡ ಸಂಖ್ಯೆಯಲ್ಲಿ ಜನ ಹೊರನಡೆದಾರು ಎಂಬ ಭಯವೂ ಇತ್ತು. ಹಾಗಾಗಲಿಲ್ಲ. ಹಾಸಿಗೆ ಹಿಡಿದಿದ್ದ ಅರುಪೆಯವರು ನಿರ್ಧಾರವನ್ನು ಸ್ವೀಕರಿಸಿದರು, ತಮ್ಮವರನ್ನೂ ಸ್ವೀಕರಿಸುವಂತೆ ಕೋರಿದರು. ಫಾದರ್ ದೆಜ್ಜಾ ಸಭೆಯ ಮನಸ್ಸನ್ನು ಬಲ್ಲವರಾಗಿ ತಾಳ್ಮೆಯಿಂದ ನಡೆದುಕೊಂಡರು. 1982ರ ಫೆಬ್ರವರಿಯಲ್ಲಿ ಪ್ರೊವಿನ್ಶಿಯಲ್‌ಗಳನ್ನು ಭೇಟಿಯಾದ ಪೋಪರು ಸಭೆಯ ವಿಧೇಯತೆಯನ್ನು ಮೆಚ್ಚಿದರು, ಮುಂದಿನ ಅಧಿವೇಶನಕ್ಕೆ ದಾರಿ ತೆರೆದರು.

1983ರ ಸೆಪ್ಟೆಂಬರಿನಲ್ಲಿ 33ನೆಯ ಮಹಾ ಅಧಿವೇಶನ ಸೇರಿ ಅರುಪೆಯವರ ರಾಜೀನಾಮೆಯನ್ನು ಅಂಗೀಕರಿಸಿತು. ಮಾತನಾಡಲಾಗದ ಅವರ ಸಂದೇಶವನ್ನು ಬೇರೊಬ್ಬರು ಓದಬೇಕಾಯಿತು. ಸೆಪ್ಟೆಂಬರ್ 13ರಂದು ಫಾದರ್ ಪೀಟರ್ ಹಾನ್ಸ್ ಕೊಲ್ವೆನ್‌ಬಾಕ್ ಹೊಸ ಸುಪೀರಿಯರ್ ಜನರಲ್ ಆದರು. ಅಷ್ಟರಲ್ಲಿ ಸದಸ್ಯರ ಸಂಖ್ಯೆ ಸುಮಾರು 26,000ಕ್ಕೆ ಇಳಿದಿತ್ತು. ಆದರೆ ಸಭೆ ಒಡೆಯಲಿಲ್ಲ, ಧರ್ಮಸಭೆಯೊಂದಿಗಿನ ಕೊಂಡಿ ಕಳಚಲಿಲ್ಲ.

ಸುಮಾರು ಒಂಬತ್ತೂವರೆ ವರ್ಷ ರೋಗಿಯಾಗಿ ಕಳೆದ ಅರುಪೆಯವರು 1991ರ ಫೆಬ್ರವರಿ 5ರಂದು ದೈವಾಧೀನರಾದರು. ಕೊನೆಯ ದಿನಗಳಲ್ಲಿ ಪೋಪ್ ಎರಡನೇ ಜಾನ್ ಪಾಲರು ಸ್ವತಃ ಬಂದು ಅವರನ್ನು ಕಂಡರು. ರೋಮಿನ ಜೆಸು ದೇವಾಲಯದಲ್ಲಿರುವ ಅವರ ಸಮಾಧಿಯ ಬಳಿ 2013ರಲ್ಲಿ ಪೋಪ್ ಫ್ರಾನ್ಸಿಸರು ಪ್ರಾರ್ಥಿಸಿದರು. ಯೇಸುಸಭೆಯಿಂದ ಬಂದ ಮೊದಲ ಪೋಪರಾದ ಅವರನ್ನು 1973ರಲ್ಲಿ ಅರ್ಜೆಂಟೀನದ ಪ್ರೊವಿನ್ಶಿಯಲ್ ಆಗಿ ನೇಮಿಸಿದವರು ಇದೇ ಅರುಪೆ. 2019ರ ಫೆಬ್ರವರಿ 5ರಂದು ಅವರ ಸಂತ ಪದವಿಯ ಪ್ರಕ್ರಿಯೆ ಆರಂಭವಾಗಿ, 2024ರ ನವೆಂಬರ್ 14ರಂದು ರೋಮ್ ಧರ್ಮಪ್ರಾಂತ್ಯದ ಮಟ್ಟದ ವಿಚಾರಣೆ ಮುಗಿಯಿತು.

ನಮಗೇನು ಪಾಠ?

ನಮ್ಮ ಮಂಗಳೂರಿಗೆ ಯೇಸುಸಭೆಯವರು 1878ರ ಡಿಸೆಂಬರ್ 31ರಂದು ಬಂದದ್ದೂ ರೋಮಿನ ಆಜ್ಞೆಯಿಂದಲೇ. ಆ ವಿಧೇಯತೆಯ ಫಲವಾಗಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. ಫಾದರ್ ಆಗಸ್ಟಸ್ ಮುಲ್ಲರ್ ಅವರ ವೈದ್ಯಕೀಯ ಸೇವೆ ನಮಗೆ ದೊರಕಿತು. 1983ರ ಧರ್ಮಸಭೆಯ ಕಾನೂನು, ಧಾರ್ಮಿಕ ಸಭೆಗೆ ಚರ್ಚನ್ನು ವಹಿಸುವಾಗ ಧರ್ಮಾಧ್ಯಕ್ಷರಿಗೂ ಸಭೆಯ ಶ್ರೇಷ್ಠರಿಗೂ ನಡುವೆ ಲಿಖಿತ ಒಪ್ಪಂದ ಇರಬೇಕೆನ್ನುತ್ತದೆ. ಕೆಲಸ, ಸಿಬ್ಬಂದಿ, ಹಣಕಾಸು ಎಲ್ಲವನ್ನೂ ಮುಂಚೆಯೇ ಬರೆದಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಉಳಿದರ್ಧಕ್ಕೆ ಕಾಗದ ಸಾಲದು, ಮನಸ್ಸು ಬೇಕು. ಅರುಪೆಯವರು ತಮಗೆ ಸರಿಯೆನಿಸಿದ್ದನ್ನು ಮೇಲಿನವರಿಗೆ ತಿಳಿಸದೆ ಇರಲಿಲ್ಲ. ಕೊನೆಯ ನಿರ್ಧಾರ ಬಂದ ಮೇಲೆ ಅದನ್ನು ಹಾಳುಗೆಡವಲೂ ಇಲ್ಲ. ಅತ್ತ ಪೋಪರೂ ಸಭೆಯ ಕಿವಿ ಹಿಂಡಿ ಸುಮ್ಮನಾಗಲಿಲ್ಲ; ಎರಡೇ ವರ್ಷಗಳಲ್ಲಿ ಅದರ ಆಯ್ಕೆಯ ಹಕ್ಕನ್ನು ಅದಕ್ಕೇ ಮರಳಿಸಿದರು. ವಿಧೇಯರಾಗುವವರಿಗೂ ಆಜ್ಞೆ ನೀಡುವವರಿಗೂ ಇಲ್ಲಿ ಪಾಠವಿದೆ. ನಮ್ಮ ಪಾಲನಾ ಮಂಡಳಿಗಳಲ್ಲಿ, ಕಾನ್ವೆಂಟುಗಳಲ್ಲಿ, ಯಾಜಕರ ಕೂಟಗಳಲ್ಲಿ ಮುಂದಿನ ಬಾರಿ ಮಾತು ಬಿರುಸಾದಾಗ ದೇವರ ಸೇವಕ ಅರುಪೆಯವರನ್ನು ಒಮ್ಮೆ ನೆನೆಯೋಣ, ಅವರಿಗಿದ್ದ ತಾಳ್ಮೆಯನ್ನು ದೇವರಲ್ಲಿ ಬೇಡೋಣ.