ಸರ್ಕಾರದ ಲೆಕ್ಕ ಕೇಳಿದ ಗಣಿತ ಮಾಸ್ತರ್: ಶಾಲೆ ಖರ್ಚಿಗಾಗಿ ಗೋಖಲೆ ನಡೆಸಿದ ಹೋರಾಟ

ನಿಪ್ಪಾಣಿ: ಶಾಲೆಗೆ ಹಾಕಿದ ದುಡ್ಡು ದಂಡ ಅನ್ನೋ ಮಾತು ಇವತ್ತಿನದಲ್ಲ. ಎಸ್‌ಡಿಎಂಸಿ ಸಭೆ ಇರಲಿ, ಚಹಾ ಅಂಗಡಿ ಕಟ್ಟೆ ಇರಲಿ, ಕೊಠಡಿ, ಕಾಂಪೌಂಡ್, ಸುಣ್ಣಬಣ್ಣದ ಲೆಕ್ಕ ಬಂದ ಕೂಡಲೇ ಎರಡು ಗುಂಪು ಆಗುತ್ತವೆ. ಒಬ್ಬರು ಇನ್ನೂ ಬೇಕು ಅಂತಾರೆ, ಇನ್ನೊಬ್ಬರು ಕೊಟ್ಟಿದ್ದೇ ಪೋಲಾಯ್ತು ಅಂತಾರೆ. ನೂರು ವರ್ಷದ ಹಿಂದೆ ಇದೇ ವಾದ ಇಡೀ ದೇಶದ ಮಟ್ಟದಲ್ಲಿ ನಡೆದಿತ್ತು. ಅದನ್ನು ಎತ್ತಿದವರು ನಮ್ಮ ಪಕ್ಕದ ಕಾಗಲ್‌ನಲ್ಲಿ ಶಾಲೆ ಕಲಿತ ಗೋಪಾಲ ಕೃಷ್ಣ ಗೋಖಲೆ. ಮೇ 9 ಅವರ ಜನ್ಮದಿನ.

ಗೋಖಲೆ ಹುಟ್ಟಿದ್ದು 1866ರಲ್ಲಿ, ರತ್ನಾಗಿರಿ ಜಿಲ್ಲೆಯ ಕೋತಳೂಕದಲ್ಲಿ. ತಂದೆಗೆ ಕಾಗಲ್‌ನಲ್ಲಿ ಸಣ್ಣ ನೌಕರಿ. ಗೋಖಲೆಗೆ 13 ವರ್ಷ ಇದ್ದಾಗ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾವ್ ಓದು ಬಿಟ್ಟು 15 ರೂಪಾಯಿ ಪಗಾರದ ಕೆಲಸಕ್ಕೆ ಸೇರಿದರು. ಅದರಲ್ಲಿ 8 ರೂಪಾಯಿ ತಮ್ಮನ ಓದಿಗೆ ಕಳಿಸಿ, ಉಳಿದ 7 ರೂಪಾಯಿಯಲ್ಲಿ ಸಂಸಾರ ತೂಗಿಸಿದರು. ಒಂದೊಂದು ಪೈಸೆ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಹುಡುಗ ಅಲ್ಲೇ ಕಲಿತ.

1884ರಲ್ಲಿ ಮುಂಬೈನಲ್ಲಿ ಬಿ.ಎ. ಮುಗಿಸಿದ ಗೋಖಲೆ ದೊಡ್ಡ ನೌಕರಿ ಹುಡುಕಲಿಲ್ಲ. ಪುಣೆಯಲ್ಲಿ ಮಾಸ್ತರ್ ಆದರು. ಮುಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ತಿಂಗಳಿಗೆ 75 ರೂಪಾಯಿ ಸಂಬಳಕ್ಕೆ ವರ್ಷಗಟ್ಟಲೆ ಪಾಠ ಹೇಳಿದರು. ಅವರು ಬರೆದ ಅಂಕಗಣಿತದ ಪುಸ್ತಕ ಬಹಳ ಕಾಲ ಶಾಲೆಗಳಲ್ಲಿ ನಡೆಯಿತು.

ಆ ಲೆಕ್ಕದ ಬುದ್ಧಿ ಮುಂದೆ ಸರ್ಕಾರದ ಕಡೆ ತಿರುಗಿತು. 1897ರಲ್ಲಿ ಲಂಡನ್‌ಗೆ ಹೋಗಿ, ಭಾರತದ ಖರ್ಚಿನ ತನಿಖೆಗೆ ಕೂತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಿದರು. 1902ರಲ್ಲಿ ವೈಸ್‌ರಾಯ್ ಶಾಸನ ಸಭೆಯಲ್ಲಿ ಬಜೆಟ್ ಹಿಡಿದು ಮಾತಾಡಿದರು. ಖಜಾನೆಯಲ್ಲಿ ಹಣ ಉಳಿದಿದೆ ಅಂದ್ರೆ ದೇಶ ಶ್ರೀಮಂತ ಆಗಿದೆ ಅಂತಲ್ಲ, ಬಡವರಿಂದ ಹೆಚ್ಚು ತೆರಿಗೆ ಕಿತ್ತಿದ್ದೀರಿ ಅಂತ ಅನ್ನೋದು ಅವರ ವಾದ. ಉಪ್ಪಿನ ತೆರಿಗೆ ಇಳಿಸಿ ಅಂತ ಪಟ್ಟು ಹಿಡಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದದ್ದು 1903ರಿಂದ ಇಳಿಯುತ್ತಾ ಬಂದು 1907ಕ್ಕೆ ಒಂದು ರೂಪಾಯಿಗೆ ನಿಂತಿತು. ಸೈನ್ಯಕ್ಕೆ ಸುರಿಯೋ ಹಣ ಕಡಿಮೆ ಮಾಡಿ ಅಂತ ಪ್ರತಿ ವರ್ಷ ಕೇಳಿದರು.

ಇಷ್ಟೆಲ್ಲ ಬಿಗಿ ಮನುಷ್ಯ ಒಂದು ವಿಷಯಕ್ಕೆ ಹೆಚ್ಚು ಖರ್ಚು ಮಾಡಿ ಅಂದರು. ಅದು ಪ್ರಾಥಮಿಕ ಶಾಲೆ. ಆಗ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 6 ಜನ. 1911ರ ಮಾರ್ಚ್ 16ರಂದು ಮಸೂದೆ ತಂದರು. 6ರಿಂದ 10 ವರ್ಷದ ಹುಡುಗರಿಗೆ ಶಾಲೆ ಕಡ್ಡಾಯ, ಹುಡುಗಿಯರಿಗೆ ಮುಂದೆ ವಿಸ್ತರಿಸಬಹುದು. ಒಮ್ಮೆಗೇ ದೇಶದ ತುಂಬ ಅಲ್ಲ. ಈಗಾಗಲೇ ಸಾಕಷ್ಟು ಮಕ್ಕಳು ಶಾಲೆಗೆ ಹೋಗುವ ಊರುಗಳಲ್ಲಿ, ಪುರಸಭೆ ಅಥವಾ ಜಿಲ್ಲಾ ಬೋರ್ಡ್ ಒಪ್ಪಿದರೆ ಮಾತ್ರ. ತಿಂಗಳಿಗೆ 10 ರೂಪಾಯಿಗಿಂತ ಹೆಚ್ಚು ದುಡಿಯದವರ ಮಕ್ಕಳಿಗೆ ಫೀ ಇಲ್ಲ. ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದ್ದು. ಬೇಕಾದರೆ ಅದಕ್ಕಾಗಿ ಶಿಕ್ಷಣ ತೆರಿಗೆ ಹಾಕಬಹುದು.

ಗದ್ದಲ ಎದ್ದದ್ದೇ ಇಲ್ಲಿ. ಹಣ ಎಲ್ಲಿದೆ, ಜನ ಹೊಸ ತೆರಿಗೆ ತಡೀತಾರಾ, ತರಬೇತಿ ಪಡೆದ ಮಾಸ್ತರರು ಎಲ್ಲಿದ್ದಾರೆ, ಇದನ್ನು ಕೇಳಿದವರು ಯಾರು ಅಂತ ಸರ್ಕಾರದ ಕಡೆಯವರು ಪ್ರಶ್ನೆ ಹಾಕಿದರು. ಬ್ರಿಟಿಷರಷ್ಟೇ ಅಲ್ಲ, ನಮ್ಮವರೇ ಆದ ಕೆಲವು ಸದಸ್ಯರೂ ವಿರೋಧಿಸಿದರು. ಮಾಳವೀಯ, ಜಿನ್ನಾ ಮುಂತಾದವರು ಗೋಖಲೆ ಬೆನ್ನಿಗೆ ನಿಂತರು. ಗೋಖಲೆ ಸಿಟ್ಟಾಗದೆ ಎಷ್ಟು ಹುಡುಗರು, ತಲೆಗೆ ಎಷ್ಟು ಖರ್ಚು, ಯಾರ ಪಾಲು ಎಷ್ಟು ಅಂತ ಅಂಕಿ ಇಟ್ಟು ಉತ್ತರ ಕೊಟ್ಟರು. 1912ರ ಮಾರ್ಚ್ 19ರಂದು ಮತ ಎಣಿಸಿದಾಗ ಪರವಾಗಿ 13, ವಿರುದ್ಧ 38. ಮಸೂದೆ ಬಿತ್ತು.

1915ರ ಫೆಬ್ರವರಿ 19ರಂದು, 48ನೇ ವಯಸ್ಸಿಗೆ ಗೋಖಲೆ ತೀರಿಕೊಂಡರು. ಅವರ ಕೆಲಸ ನಿಲ್ಲಲಿಲ್ಲ. 1917ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಉಚಿತ ಶಿಕ್ಷಣ ತಂದರು. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬೈ ಪ್ರಾಂತ್ಯದಲ್ಲಿ ಪುರಸಭೆಗಳಿಗಾಗಿ ಕಾನೂನು ಬಂತು. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಆ ಪ್ರಾಂತ್ಯದಲ್ಲೇ ಇತ್ತು. ದೇಶದಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಗೋಖಲೆ ಸೋತು 98 ವರ್ಷ ಆಗಿತ್ತು.

ಅಂಗಡಿ ನಡೆಸುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕಿರ್ದಿ ಬರೆಯೋದು ಸೋರಿಕೆ ಹಿಡಿಯೋಕೆ, ಅಂಗಡಿ ಬಾಗಿಲು ಹಾಕೋಕಲ್ಲ. ಶಾಲೆಯ ಬಿಲ್ ಕೇಳಿ, ಕೊಠಡಿ ಗೋಡೆ ತಟ್ಟಿ ನೋಡಿ, ಪೋಲಾಗಿದ್ರೆ ಹೆಸರು ಹಿಡಿದು ಸಭೆಯಲ್ಲೇ ಹೇಳಿ. ಆದರೆ ಪೋಲಾಗುತ್ತೆ ಅನ್ನೋ ನೆಪದಲ್ಲಿ ಮಕ್ಕಳ ಪಾಲು ಕತ್ತರಿಸಬೇಡಿ. ಸರ್ಕಾರದ ಪೈಸೆ ಪೈಸೆಗೂ ಲೆಕ್ಕ ಕೇಳಿದ ಗೋಖಲೆ ಮಾಸ್ತರರೇ ಶಾಲೆಗೆ ಇನ್ನೂ ಕೊಡಿ ಅಂದಿದ್ದರು.