ಗಡಿಯ ಆಚೆ ಉಳಿದ ಕನ್ನಡತಿ: ಜಯದೇವಿತಾಯಿ ಲಿಗಾಡೆ

ಮುಂಬಯಿಯಿಂದ ನಮ್ಮ ಕಲ್ಯಾಣದ ಮೇಲೆ ಹಾಯ್ದು ರಾತ್ರೋರಾತ್ರಿ ಸೊಲ್ಲಾಪುರ ಸೇರುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ನಮ್ಮಲ್ಲಿ ಅನೇಕರಿಗೆ ಊರಿಗೆ ಹೋಗುವ ಗಾಡಿ. ವಿಜಯಪುರ, ಕಲಬುರಗಿ ಕಡೆಯವರು ಸೊಲ್ಲಾಪುರದಲ್ಲಿ ಇಳಿದು ಮುಂದೆ ಹೋಗುತ್ತಾರೆ. ಆದರೆ ಆ ಗಾಡಿಯ ಹೆಸರಿನಲ್ಲಿರುವ ಸಿದ್ಧೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ವಚನ ಬರೆದ ಸೊನ್ನಲಿಗೆಯ ಸಿದ್ಧರಾಮರು ಎಂಬುದು ಎಷ್ಟು ಜನರ ಗಮನಕ್ಕೆ ಬಂದಿದೆಯೋ! ಆ ಸಿದ್ಧರಾಮರ ಬದುಕನ್ನು ಸಾವಿರಾರು ತ್ರಿಪದಿಗಳಲ್ಲಿ ಹಾಡಿದವರು ಅದೇ ಊರಿನ ಹೆಣ್ಣುಮಗಳು ಜಯದೇವಿತಾಯಿ ಲಿಗಾಡೆ. ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯೂ ಅವರೇ. ಮಹಾರಾಷ್ಟ್ರದಲ್ಲಿ ನೆಲೆ ನಿಂತ ನಮಗೆ ಅವರ ಕಥೆ ತೀರ ಹತ್ತಿರದ್ದು.

ಜಯದೇವಿಯವರು ಹುಟ್ಟಿದ್ದು 1912ರಲ್ಲಿ, ಸೊಲ್ಲಾಪುರದ ಅನುಕೂಲಸ್ಥ ವೀರಶೈವ ಮನೆತನವಾದ ಮಡಕಿಯವರ ಮನೆಯಲ್ಲಿ. ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಠಾಣೆ, ಡೊಂಬಿವಲಿಯಲ್ಲಿ ಬೆಳೆದ ನಮ್ಮ ಎಷ್ಟೋ ಹೆಣ್ಣುಮಕ್ಕಳ ಸ್ಥಿತಿಯೂ ಹೀಗೆಯೇ ಅಲ್ಲವೇ? ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಲಿಗಾಡೆ ಮನೆತನ ಸೇರಿದರು. ಕನ್ನಡ ಓದು ಬರಹವನ್ನು ತಾವಾಗಿಯೇ ಕಲಿತದ್ದು ಆಮೇಲೆ, ಸಂಸಾರದ ಜವಾಬ್ದಾರಿಗಳ ನಡುವೆ.

ಆ ಕಾಲದ ಸೊಲ್ಲಾಪುರ ಬಟ್ಟೆ ಗಿರಣಿಗಳ ಊರು. ಮರಾಠಿ, ಕನ್ನಡ, ತೆಲುಗು, ಉರ್ದು ಎಲ್ಲವೂ ಒಂದೇ ಓಣಿಯಲ್ಲಿ ಕೇಳುತ್ತಿದ್ದ ಊರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಅಲ್ಲಿ ಜನ ಬೀದಿಗಿಳಿದರು, ಬ್ರಿಟಿಷ್ ಸರ್ಕಾರ ಮಾರ್ಷಲ್ ಲಾ ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕಿಸನ್ ಸಾರಡಾ, ಜಗನ್ನಾಥ ಶಿಂಧೆ, ಕುರ್ಬಾನ್ ಹುಸೇನ್ ಅವರನ್ನು ಗಲ್ಲಿಗೇರಿಸಿದರು. ಬೇರೆ ಬೇರೆ ಮನೆಮಾತಿನ ನಾಲ್ವರು, ಒಂದೇ ಊರಿನವರು. ಆಗ ಜಯದೇವಿಯವರಿಗೆ ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ಚಿಂತೆ ಶುರುವಾಯಿತು: ಸೊಲ್ಲಾಪುರ ಯಾವ ರಾಜ್ಯಕ್ಕೆ? ಅದುವರೆಗೆ ಧಾರವಾಡ, ವಿಜಯಪುರ, ಬೆಳಗಾವಿ, ಕಾರವಾರ, ಸೊಲ್ಲಾಪುರ ಎಲ್ಲವೂ ಮುಂಬಯಿ ಪ್ರಾಂತದಲ್ಲೇ ಇದ್ದವು. ಕನ್ನಡ ಸಾಹಿತ್ಯ ಸಮ್ಮೇಳನ 1950ರಲ್ಲಿ ಸೊಲ್ಲಾಪುರದಲ್ಲಿ, 1951ರಲ್ಲಿ ಮುಂಬಯಿಯಲ್ಲಿ ನಡೆದಿತ್ತು. ಕನ್ನಡ ನಾಡು ಒಂದಾಗುವಾಗ ಸೊಲ್ಲಾಪುರವೂ ಅದರೊಳಗೆ ಬರಬೇಕೆಂದು ದನಿ ಎತ್ತಿದವರಲ್ಲಿ ಜಯದೇವಿತಾಯಿ ಮುಂಚೂಣಿಯಲ್ಲಿದ್ದರು. ಆದರೆ 1956ರ ನವೆಂಬರ್ 1ರಂದು ಧಾರವಾಡ, ವಿಜಯಪುರ, ಬೆಳಗಾವಿ, ಕಾರವಾರ ಮೈಸೂರು ರಾಜ್ಯಕ್ಕೆ ಹೋದವು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1960ರ ಮೇ 1ರಂದು ಅದು ಮಹಾರಾಷ್ಟ್ರವಾಯಿತು.

ನಾವಾದರೋ ಊರು ಬಿಟ್ಟು ಇಲ್ಲಿಗೆ ಬಂದವರು. ಸೊಲ್ಲಾಪುರದ ಕನ್ನಡಿಗರು ಎಲ್ಲಿಗೂ ಹೋಗಲಿಲ್ಲ, ಮನೆ ಅಲ್ಲೇ ಇತ್ತು, ಗಡಿಗೆರೆಯೇ ಅವರನ್ನು ಆಚೆಗೆ ಬಿಟ್ಟಿತು. ಬೀಗರು, ತವರುಮನೆಯವರು ಬೇರೆ ರಾಜ್ಯದವರಾದರು. ಮಕ್ಕಳನ್ನು ಯಾವ ಮಾಧ್ಯಮದ ಶಾಲೆಗೆ ಹಾಕಬೇಕು, ಮುಂದೆ ನೌಕರಿ ಯಾವ ಭಾಷೆಯಲ್ಲಿ ಸಿಗುತ್ತದೆ ಎಂಬ ಲೆಕ್ಕಾಚಾರ ಮನೆಮನೆಯಲ್ಲಿ ಶುರುವಾಯಿತು. ಅನಿಶ್ಚಿತತೆ ಮುಗಿಯಲೂ ಇಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯ ಹಳ್ಳಿಗಳು ಮೈಸೂರಿಗೆ ಸೇರಬೇಕೆಂದಿತು. ವರದಿ ಜಾರಿಯಾಗಲೇ ಇಲ್ಲ. ಅದೇ 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿತು, ದಕ್ಷಿಣ ಭಾರತೀಯರ ವಿರುದ್ಧ ಮಾತು ಜೋರಾಯಿತು. ಉಡುಪಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಹಿರಿಯರು ಕಂಡ ದಿನಗಳು ಅವು.

ಇಂಥ ಕಾಲದಲ್ಲಿ ಜಯದೇವಿತಾಯಿ ಏನು ಮಾಡಿದರು ಎಂಬುದೇ ನಮಗೆ ಮುಖ್ಯ. ರಾಜ್ಯದ ತೀರ್ಮಾನ ಬರಲಿ, ಆಮೇಲೆ ನೋಡೋಣ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಸೊಲ್ಲಾಪುರದಲ್ಲಿ ಕನ್ನಡ ಕಲಿಕೆಗಾಗಿ ದುಡಿದರು. ಜಯಗೀತೆ, ತಾಯಿಯ ಪದಗಳು ಬರೆದರು. ಸಿದ್ಧರಾಮ ಪುರಾಣಕ್ಕೆ ಅವರು ಆರಿಸಿಕೊಂಡ ತ್ರಿಪದಿಯನ್ನು ಗಮನಿಸಿ. ಬೀಸುವಾಗ, ಕುಟ್ಟುವಾಗ ನಮ್ಮ ಅಜ್ಜಿಯರು ಹಾಡುತ್ತಿದ್ದ ಮೂರು ಸಾಲಿನ ಪದ ಅದು. ಪಂಡಿತರ ಛಂದಸ್ಸನ್ನು ಬಿಟ್ಟು ಹೆಂಗಸರ ಬಾಯಲ್ಲಿ ಬದುಕಿದ್ದ ಮಟ್ಟಿನಲ್ಲೇ ತಮ್ಮೂರಿನ ಶರಣರ ಕಥೆ ಹೇಳಿದರು. ಊರು ಯಾವ ರಾಜ್ಯದ ನಕ್ಷೆಯಲ್ಲಿದ್ದರೂ ಸಿದ್ಧರಾಮರು ಕಟ್ಟಿಸಿದ ಕೆರೆ ಅಲ್ಲೇ ಇದೆ, ಸಂಕ್ರಾಂತಿಯ ಜಾತ್ರೆಗೆ ಮರಾಠಿಯವರೂ ಕನ್ನಡದವರೂ ಒಟ್ಟಿಗೆ ಸೇರುತ್ತಾರೆ.

ಇನ್ನೂ ಒಂದು ವಿಷಯವಿದೆ. ಗಡಿಯ ಹೋರಾಟದಲ್ಲಿ ಸೋತ ನೋವು ಅವರನ್ನು ಮರಾಠಿಯ ವೈರಿಯಾಗಿಸಲಿಲ್ಲ. ಶಾಲೆಯಲ್ಲಿ ಕಲಿತ ಮರಾಠಿಯಲ್ಲೂ ಅವರು ಬರೆದರು, ಶರಣರ ವಚನಗಳನ್ನು ಮರಾಠಿ ಓದುಗರಿಗೆ ತಲುಪಿಸಿದರು. ನೆರೆಮನೆಯವರ ಭಾಷೆ ಚೆನ್ನಾಗಿ ಬಂದದ್ದರಿಂದಲೇ ತಮ್ಮ ಮನೆಯ ಸಂಪತ್ತನ್ನು ಅವರಿಗೆ ತೋರಿಸಲು ಸಾಧ್ಯವಾಯಿತು. ಕನ್ನಡಕ್ಕಾಗಿ ಹೋರಾಡುವುದೂ ಮರಾಠಿಯಲ್ಲಿ ಬರೆಯುವುದೂ ಅವರಿಗೆ ಪರಸ್ಪರ ವಿರುದ್ಧ ಎನಿಸಲಿಲ್ಲ.

1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಮರುವರ್ಷ ಮಂಡ್ಯದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾದವರು ಆ ಕರ್ನಾಟಕದ ಹೊರಗೆ ಉಳಿದ ಊರಿನ, ಮರಾಠಿ ಶಾಲೆಯಲ್ಲಿ ಓದಿದ ಜಯದೇವಿತಾಯಿ. 1915ರಲ್ಲಿ ಶುರುವಾದ ಸಮ್ಮೇಳನದಲ್ಲಿ ಒಬ್ಬ ಹೆಣ್ಣುಮಗಳು ಆ ಪೀಠದಲ್ಲಿ ಕೂರಲು ಸುಮಾರು ಅರವತ್ತು ವರ್ಷ ಬೇಕಾಯಿತು. ಎರಡನೆಯವರಾದ ಶಾಂತಾದೇವಿ ಮಾಳವಾಡ ಅವರಿಗಾಗಿ ಮತ್ತೆ ಕಾಲು ಶತಮಾನ ಕಾಯಬೇಕಾಯಿತು.

ಮುಂದೆ ತಾಯಿಯವರು ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ನೆಲೆಸಿದರು. ಅದು ನಮ್ಮ ಲೋಕಲ್ ಗಾಡಿಯ ಕಲ್ಯಾಣವಲ್ಲ, ಬಸವಣ್ಣನವರ ಕಲ್ಯಾಣ. ಸಿದ್ಧರಾಮರೂ ಒಂದು ಕಾಲಕ್ಕೆ ಸೊನ್ನಲಿಗೆಯಿಂದ ಹೋದದ್ದು ಅಲ್ಲಿಗೇ. 1986ರಲ್ಲಿ ಜಯದೇವಿತಾಯಿ ತೀರಿಕೊಂಡರು. ಸೊಲ್ಲಾಪುರ ಇಂದಿಗೂ ಮಹಾರಾಷ್ಟ್ರದಲ್ಲೇ ಇದೆ. ಅಲ್ಲಿ ಕನ್ನಡವೂ ಇದೆ.

ಗಡಿ ವಿವಾದ ಬಿಸಿಯಾದಾಗಲೆಲ್ಲ ಎರಡೂ ಕಡೆಯ ಬಸ್ಸುಗಳು ನಿಲ್ಲುತ್ತವೆ. ಫೋನಿನಲ್ಲಿ ಕನ್ನಡ ಮಾತಾಡುವಾಗ ದನಿ ತಗ್ಗಿಸಬೇಕೇ ಎಂಬ ಅಳುಕು ನಮ್ಮಲ್ಲೂ ಕೆಲವರಿಗೆ ಬರುತ್ತದೆ. ರಾಜಕೀಯ ಯಾವಾಗ ಯಾವ ಕಡೆ ತಿರುಗೀತೆಂಬುದು ನಮ್ಮ ಕೈಯಲ್ಲಿಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ ಮಾಡುವ ಕಾಯ್ದೆ 2020ರಲ್ಲಿ ಬಂದಿದೆ. ನಮ್ಮ ಮಕ್ಕಳು ಮರಾಠಿ ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯಲಿ. ಕನ್ನಡ ಮಾತ್ರ ಮನೆಯಿಂದಲೇ ಬರಬೇಕು. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಎನ್ನುವ ಸೊಸೆಯಂದಿರು, ಹೆಣ್ಣುಮಕ್ಕಳು ನಮ್ಮ ನಡುವೆ ಬಹಳ ಇದ್ದಾರೆ. ವಯಸ್ಸಾಯಿತು, ಇನ್ನೇನು ಕಲಿಯುವುದು ಎಂದುಕೊಳ್ಳುವವರು ಜಯದೇವಿತಾಯಿಯವರನ್ನು ನೆನೆಯಲಿ. ಸಿದ್ಧರಾಮ ಪುರಾಣ ಬರೆದ ಕೈ ಕನ್ನಡ ಅಕ್ಷರ ತಿದ್ದಿದ್ದು ಮದುವೆಯಾದ ಮೇಲೆಯೇ.