ಕಾರ್ಲ್ ಸೀಫರ್ಟ್ ಮತ್ತು ಎರಡು ‘ಆರು’ಗಳ ಪಾಠ

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಗೆ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಮಾಡಿಕೊಡಬೇಕಿತ್ತು. ನಮ್ಮ ತಂಡದ ಉಳಿದವರು ನ್ಯೂಟನ್, ರಾಮನ್, ಕ್ಯೂರಿ ಎಂದು ಹಂಚಿಕೊಂಡರು. ನಾನು ಕಾರ್ಲ್ ಸೀಫರ್ಟ್ ಅವರನ್ನು ಆರಿಸಿಕೊಂಡೆ. ಖಗೋಳ ವಿಜ್ಞಾನ ಓದಿದವರಿಗೆ ಪರಿಚಿತ ಹೆಸರು. ಒಂದು ಬಗೆಯ ಗೆಲಾಕ್ಸಿಗೂ, ಗೆಲಾಕ್ಸಿಗಳ ಒಂದು ಗುಂಪಿಗೂ, ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರಿದೆ. ಆ ಪಾಠದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ.

ಸೀಫರ್ಟ್ ಹುಟ್ಟಿದ್ದು 1911ರ ಫೆಬ್ರವರಿ 11ರಂದು, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ತಂದೆ ಫಾರ್ಮಸಿಸ್ಟ್. ವೈದ್ಯನಾಗಬೇಕೆಂದು ಹಾರ್ವರ್ಡ್ ಸೇರಿದ ಹುಡುಗ ಬಾರ್ಟ್ ಬಾಕ್ ಅವರ ಖಗೋಳ ಉಪನ್ಯಾಸ ಕೇಳಿ ದಾರಿ ಬದಲಿಸಿದ. ಒಂದು ತರಗತಿಯಿಂದ ಇಷ್ಟಾಗಬಹುದು ಎಂದು ಓದಿದಾಗ ನನಗೆ ಖುಷಿಯೂ ಆಯಿತು, ಸ್ವಲ್ಪ ಭಯವೂ ಆಯಿತು. 1935ರಲ್ಲಿ ಖಗೋಳ ವಿಜ್ಞಾನಿಯೇ ಆಗಿದ್ದ ಮ್ಯೂರಿಯಲ್ ಮಸಲ್ಸ್ ಅವರೊಂದಿಗೆ ಮದುವೆ, ಮರುವರ್ಷ ಹಾರ್ಲೋ ಶೇಪ್ಲಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಆಮೇಲೆ ಟೆಕ್ಸಸ್‌ನ ಮೆಕ್‌ಡೊನಾಲ್ಡ್ ವೀಕ್ಷಣಾಲಯ, 1940ರಿಂದ ಎರಡು ವರ್ಷ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್.

ಮೌಂಟ್ ವಿಲ್ಸನ್‌ನ ಕೆಲಸವನ್ನು ತರಗತಿಯಲ್ಲಿ ನಿಧಾನವಾಗಿ ವಿವರಿಸಿದೆ. ಕೆಲವು ಗೆಲಾಕ್ಸಿಗಳ ನಟ್ಟನಡುವೆ ಚಿಕ್ಕ, ತೀರಾ ಪ್ರಖರವಾದ ಚುಕ್ಕೆ ಕಾಣುತ್ತದೆ. ಅಂಥ ಆರು ಗೆಲಾಕ್ಸಿಗಳ ತಿರುಳಿನ ಬೆಳಕನ್ನು ಸೀಫರ್ಟ್ ರೋಹಿತವಾಗಿ ಬಿಡಿಸಿ ಅಳೆದರು. ಬಿಸಿ ಅನಿಲ ಸೂಸುವ ಬೆಳಕು ರೋಹಿತದಲ್ಲಿ ಸಣ್ಣ ಹೊಳೆಯುವ ಗೆರೆಗಳಾಗಿ ಬರಬೇಕು. ಇಲ್ಲಿ ಆ ಗೆರೆಗಳು ಅಗಲವಾಗಿ ಹರಡಿಕೊಂಡಿದ್ದವು. ಹತ್ತಿರ ಬರುವ ಬಸ್ಸಿನ ಹಾರ್ನ್ ಒಂದು ಶ್ರುತಿಯಲ್ಲಿ, ದೂರ ಹೋಗುವಾಗ ಇನ್ನೊಂದರಲ್ಲಿ ಕೇಳುವುದಿಲ್ಲವೇ? ಹಾಗೆಯೇ ನಮ್ಮತ್ತ ಬರುವ ಅನಿಲ, ದೂರ ಸರಿಯುವ ಅನಿಲ ಎರಡೂ ಸೇರಿ ಗೆರೆಯನ್ನು ಅಗಲಿಸುತ್ತವೆ. ಎರಡು ಗೆಲಾಕ್ಸಿಗಳಲ್ಲಿ ಜಲಜನಕದ ಗೆರೆಯ ಅಗಲ ಸೆಕೆಂಡಿಗೆ 8500 ಕಿ.ಮೀ. ವೇಗಕ್ಕೆ ಸಮನಾಗಿತ್ತು. ಇಷ್ಟು ವೇಗ ಯಾಕೆ ಎಂಬುದಕ್ಕೆ ಆಗ ಉತ್ತರವಿರಲಿಲ್ಲ. ಈಗ ತಿರುಳಿನಲ್ಲಿರುವ ಭಾರಿ ಕಪ್ಪುಕುಳಿಯನ್ನು ತೋರಿಸುತ್ತೇವೆ.

ಪ್ರಬಂಧ 1943ರಲ್ಲಿ ಪ್ರಕಟವಾಯಿತು. ಆಗ ಯುದ್ಧಕಾಲ. ಸೀಫರ್ಟ್ ಕ್ಲೀವ್‌ಲ್ಯಾಂಡ್‌ಗೆ ಮರಳಿ ಸೇನೆಯವರಿಗೆ ದಿಕ್ಕು ಗುರುತಿಸುವ ವಿದ್ಯೆ ಕಲಿಸುತ್ತಿದ್ದರು. ಆ ಪ್ರಬಂಧವನ್ನು ಗಮನಿಸಿದವರು ಕಡಿಮೆ.

1946ರಲ್ಲಿ ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿದಾಗ ಅಲ್ಲಿದ್ದದ್ದು ಆರು ಇಂಚಿನ ದೂರದರ್ಶಕ. ನಮ್ಮ ಶಾಲೆಗಳ ಪ್ರಯೋಗಾಲಯ ಕಂಡವರಿಗೆ ಆ ಸ್ಥಿತಿ ಅರ್ಥವಾದೀತು! ಅವರು ಊರಿನ ಉದ್ಯಮಿಗಳ ಬಳಿ ಹೋಗಿ ಹಣ, ಸಾಮಗ್ರಿ ಕೇಳಿದರು. 1953ರ ಕೊನೆಗೆ 24 ಇಂಚಿನ ದೂರದರ್ಶಕವಿರುವ ಡೈಯರ್ ವೀಕ್ಷಣಾಲಯ ಎದ್ದು ನಿಂತಿತು. ಈ ನಡುವೆ, 1951ರಲ್ಲಿ, ಸರ್ಪ ನಕ್ಷತ್ರಪುಂಜದ ದಿಕ್ಕಿನಲ್ಲಿ ಒತ್ತೊತ್ತಾಗಿರುವ ಆರು ಗೆಲಾಕ್ಸಿಗಳ ಗುಂಪನ್ನು ಅವರು ವರ್ಣಿಸಿದರು. ಅದೇ ಸೀಫರ್ಟ್ ಷಟ್ಕ.

ನಾನು ಎಡವಿದ್ದು ಇಲ್ಲಿ. ಹಲಗೆಯ ಮೇಲೆ ಆರು ವೃತ್ತ ಬರೆದಿದ್ದೆ. ಪ್ರಖರ ತಿರುಳಿನ ಆರು, ಈ ಗುಂಪಿನ ಆರು, ಎರಡೂ ಒಂದೇನಾ ಎಂದು ಮೂರನೆಯ ಬೆಂಚಿನ ಹುಡುಗಿ ಕೇಳಿದಳು. ಗಂಟೆ ಹೊಡೆಯಲು ಎರಡು ನಿಮಿಷವಿತ್ತು. ಹೌದು ಎಂದುಬಿಟ್ಟೆ. ವೀಕ್ಷಣಾ ಪುಸ್ತಕದಲ್ಲಿ ಪಾಠ ಉತ್ತಮ ಎಂದು ಷರಾ ಬಿತ್ತು.

ರಾತ್ರಿ ಮತ್ತೆ ಓದಿದಾಗ ಮುಖ ಬಿಸಿಯಾಯಿತು. ಎರಡೂ ಬೇರೆ ಬೇರೆ. ಅಷ್ಟೇ ಅಲ್ಲ, ಷಟ್ಕದಲ್ಲಿ ನಿಜವಾಗಿ ಇರುವುದು ನಾಲ್ಕೇ ಗೆಲಾಕ್ಸಿ, ನಮ್ಮಿಂದ ಸುಮಾರು 19 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಐದನೆಯದು ಅದರ ಸುಮಾರು ಐದರಷ್ಟು ದೂರದಲ್ಲಿದ್ದು ಅದೇ ದಿಕ್ಕಿನಲ್ಲಿ ಕಾಣುತ್ತದೆ. ಆರನೆಯದು ಗೆಲಾಕ್ಸಿಯೇ ಅಲ್ಲ, ಗುರುತ್ವದ ಎಳೆದಾಟದಲ್ಲಿ ಹೊರಚಾಚಿದ ನಕ್ಷತ್ರಗಳ ಬಾಲ. ಇಡೀ ಗುಂಪು ನಮ್ಮ ಒಂದೇ ಆಕಾಶಗಂಗೆಯಷ್ಟು ಜಾಗದಲ್ಲಿ ಕಿಕ್ಕಿರಿದಿದೆ.

ಆದರೂ ಆ ಹುಡುಗಿಯ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಇಷ್ಟು ಇಕ್ಕಟ್ಟಿನಲ್ಲಿ ಒಂದನ್ನೊಂದು ಎಳೆಯುವಾಗ ಅನಿಲ ತಿರುಳಿಗೆ ಸುರಿದು ಅದು ಉರಿದೇಳಬೇಕಲ್ಲವೇ? ಪಾಲ್ ಹಿಕ್ಸನ್ 1982ರಲ್ಲಿ ಇಂಥ 100 ದಟ್ಟ ಗುಂಪುಗಳ ಪಟ್ಟಿ ಮಾಡಿದರು. ಷಟ್ಕ ಅದರಲ್ಲಿ 79ನೆಯದು. ಆಮೇಲೆ ಪರೀಕ್ಷಿಸಿದವರಿಗೆ ಹಲವು ತಿರುಳುಗಳಲ್ಲಿ ಮಂದವಾದ ಚಟುವಟಿಕೆ ಕಂಡಿತು. ಸೀಫರ್ಟ್ ಮೊದಲು ಅಳೆದಂಥ, ಅಗಲ ಗೆರೆಗಳ ಪ್ರಖರ ತಿರುಳು ಮಾತ್ರ ಅಪರೂಪ. ಎಳೆದಾಟದಲ್ಲೇ ಅನಿಲ ಬಹಳಷ್ಟು ಖರ್ಚಾಗಿ, ಚದುರಿ ಹೋಗಿರಬಹುದು ಎಂಬುದು ಒಂದು ವಿವರಣೆ. ಒಬ್ಬರದೇ ಹೆಸರು ಹೊತ್ತ ಎರಡು ಸಂಗತಿಗಳು ಒಂದೇ ಕಡೆ ಸಿಗುವುದು ಇಷ್ಟು ವಿರಳ ಎಂದು ನಾನಂತೂ ಊಹಿಸಿರಲಿಲ್ಲ.

ಸೀಫರ್ಟ್‌ಗೆ ಇದೊಂದೂ ತಿಳಿಯಲಿಲ್ಲ. 1960ರ ಜೂನ್ 13ರಂದು ನ್ಯಾಶ್‌ವಿಲ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 49. ಮೂರು ವರ್ಷದ ನಂತರ ಕ್ವೇಸಾರ್‌ಗಳ ಗುಟ್ಟು ಬಯಲಾಗಿ, ಸಕ್ರಿಯ ತಿರುಳುಗಳತ್ತ ಎಲ್ಲರೂ ತಿರುಗಿದರು.

ಮರುದಿನ ನನ್ನ ಪಿರಿಯಡ್ ಇರಲಿಲ್ಲ. ಗಣಿತದ ಗೆಳತಿಯಿಂದ ಹತ್ತು ನಿಮಿಷ ಬೇಡಿ ತರಗತಿಗೆ ಹೋಗಿ, ನಿನ್ನೆ ನಾನು ಹೇಳಿದ್ದು ತಪ್ಪು ಎಂದೆ. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ಮತ್ತೆ ಆರು ವೃತ್ತ ಬರೆದು, ಪ್ರಶ್ನೆ ಕೇಳಿದ ಹುಡುಗಿಯ ಕೈಗೆ ಡಸ್ಟರ್ ಕೊಟ್ಟೆ. ಅವಳು ಒಂದನ್ನು ಪೂರ್ತಿ ಒರೆಸಿದಳು. ಇನ್ನೊಂದನ್ನು ಒರೆಸಿ, ಸೀಮೆಸುಣ್ಣ ಕೇಳಿ ತೆಗೆದುಕೊಂಡು, ಅಲ್ಲೊಂದು ಬಾಲ ಬರೆದಳು.